ತೂಕದ ಟೇಪು: ಸೀಮೆ ಹಸುವಿಗೆ ಸರಿ, ಹಳ್ಳಿಕಾರ್ ಹೋರಿಗೆ ಅಲ್ಲ

ದನದ ಎದೆಗೆ ಸುತ್ತಿದರೆ ನೇರವಾಗಿ ಕೆಜಿ ತೋರಿಸುವ ಟೇಪನ್ನು 180 ರೂಪಾಯಿ ಕೊಟ್ಟು ತರಿಸಿ ಎಂಟು ತಿಂಗಳಾಯಿತು. ನಮ್ಮದು ಮಾಗಡಿ ಕಡೆ. ಕೊಟ್ಟಿಗೆಯಲ್ಲಿ ಎರಡು ಸೀಮೆ ಹಸು, ಒಂದು ಹಳ್ಳಿಕಾರ್ ಹೋರಿ, ಅದೇ ತಾಯಿಗೆ ಮೊದಲು ಹುಟ್ಟಿದ ಒಂದು ಎತ್ತು. ಜಂತುಹುಳದ ಔಷಧಿ ತೂಕ ನೋಡಿ ಹಾಕಿ ಅಂತ ಡಾಕ್ಟರು ಹೇಳಿದ್ದಕ್ಕೆ ಇದನ್ನು ಕೊಂಡೆ.

ಹಸುವಿನ ಮಟ್ಟಿಗೆ ದೂರಿಲ್ಲ. ದೊಡ್ಡ ಹಸುವಿನ ಸುತ್ತಳತೆ 178 ಸೆಂ.ಮೀ., ಟೇಪಿನಲ್ಲಿ 455 ಕೆಜಿ. ಟೆಂಪೋದಲ್ಲಿ ಲಾರಿ ತೂಗುವ ವೇಬ್ರಿಡ್ಜ್‌ಗೆ ಒಯ್ದಾಗ 460 ಬಂತು. ಅಲ್ಲಿ ಅಂಕಿ ಹತ್ತತ್ತು ಕೆಜಿ ಲೆಕ್ಕದಲ್ಲೇ ಓಡುತ್ತದೆ, ಹಾಗಾಗಿ ಇದು ಸರಿ ಅಂತಲೇ ಹೇಳಬೇಕು.

ಹೋರಿಗೂ ಎತ್ತಿಗೂ ಸುತ್ತಿದರೆ ಎರಡಕ್ಕೂ 165 ಸೆಂ.ಮೀ., ಎರಡಕ್ಕೂ 372 ಕೆಜಿ. ವೇಬ್ರಿಡ್ಜ್‌ನಲ್ಲಿ ಹೋರಿ 340, ಎತ್ತು 310. ಚೀಟಿ ನೋಡಿದ ಅಪ್ಪ, "ಗೋಣು ನೋಡ್ದೆ ತೂಕ ಹೇಳಕ್ಕಾಯ್ತದೇನ್ಲಾ?" ಅಂದರು.

ಅಪ್ಪನ ಮಾತೇ ಸರಿ. ಟೇಪಿನ ಮೇಲಿನ ಕೆಜಿ ಹಾಲಿನ ಸೀಮೆ ಹಸುವಿನ ಮೈಕಟ್ಟಿಗೆ ಹೊಂದಿಸಿದ್ದು. ಆ ಎದೆಯ ಹಿಂದೆ ಉದ್ದ ಬೆನ್ನು, ಇಳಿಬಿದ್ದ ಹೊಟ್ಟೆ, ಕೆಚ್ಚಲು ಎಲ್ಲ ಇರುತ್ತದೆ. ಹಳ್ಳಿಕಾರ್ ಗಿಡ್ಡ ಬೆನ್ನಿನ, ಹೊಟ್ಟೆ ಮೇಲಕ್ಕೆ ಕಟ್ಟಿದ ದನ. ಉಳುಮೆಗೂ ಗಾಡಿಗೂ ನೂರಾರು ವರ್ಷ ಆರಿಸಿಕೊಂಡು ಬಂದ ತಳಿ. ಅದೇ ಸುತ್ತಳತೆಗೆ ಅಷ್ಟು ತೂಕ ಎಲ್ಲಿಂದ ಬರಬೇಕು?

ಇನ್ನು ಹೋರಿಗೂ ಎತ್ತಿಗೂ ಇರುವ ವ್ಯತ್ಯಾಸ. ಎತ್ತಿಗೆ ಹಾಲುಹಲ್ಲಿನಲ್ಲೇ ಬೀಜ ಒಡೆಸಿಬಿಟ್ಟಿದ್ದೆವು. ಮಾಂಸದ ಎಳೆಗಳ ಎಣಿಕೆ ಬಹುಮಟ್ಟಿಗೆ ತಾಯಿ ಹೊಟ್ಟೆಯಲ್ಲೇ ಮುಗಿದಿರುತ್ತದೆ, ಹುಟ್ಟಿದ ಮೇಲೆ ಅವು ದಪ್ಪವಾಗುತ್ತವೆ ಅಷ್ಟೆ. ಗಂಡಿನಲ್ಲಿ ಆ ದಪ್ಪವನ್ನು, ಅದರಲ್ಲೂ ಗೋಣು, ಹೆಗಲಿನ ದಪ್ಪವನ್ನು, ಟೆಸ್ಟೋಸ್ಟೆರಾನ್ ಹೆಚ್ಚಿಸುತ್ತದೆ. ಹಿಣಿಲೂ, ಅಂದರೆ ಹೆಗಲ ಮೇಲಿನ ಡುಬ್ಬವೂ, ಮಾಂಸಖಂಡವೇ. ಬೀಜ ಬೇಗ ಒಡೆಸಿದ ಎತ್ತಿಗೆ ಕಾಲು ಉದ್ದವಾಗುತ್ತದೆ, ಕೊಬ್ಬು ಬೇಗ ಕೂರುತ್ತದೆ, ಗೋಣು ಮಾತ್ರ ತುಂಬುವುದಿಲ್ಲ. ಟೇಪು ಸುತ್ತುವುದು ಹಿಣಿಲಿನ ಹಿಂದೆ, ಮುಂಗಾಲಿನ ಹಿಂದೆ. ಹೋರಿಯ ಗಂಡುತನವೆಲ್ಲ ಅದರ ಮುಂದಿದೆ!

ಟೇಪು ನಂಬಿ ಎತ್ತಿಗೆ ಔಷಧಿ ಹಾಕಿದ್ದರೆ ಐದನೇ ಒಂದು ಪಾಲು ಹೆಚ್ಚು ಹೋಗುತ್ತಿತ್ತು. ಇದನ್ನು ಟೇಪಿನ ಡಬ್ಬಿಯ ಮೇಲೆ ಬರೆಯದಿರುವುದು ತಪ್ಪು. ಯಾವ ತಳಿ, ಗಂಡೋ ಹೆಣ್ಣೋ ಅಂತ ಒಂದಕ್ಷರ ಇಲ್ಲ.

ಪಟ್ಟಿ ಗಟ್ಟಿಯಾಗಿದೆ, ಎಳೆದರೆ ಹಿಗ್ಗುವುದಿಲ್ಲ. ಗಂಜಲ ತಾಗಿ ಕೆಜಿ ಕಡೆಯ ಅಂಕಿ ಮಾಸಿದೆ, ಸೆಂಟಿಮೀಟರ್ ಕಡೆ ಚೆನ್ನಾಗಿದೆ.

ಈಗ ಉದ್ದವನ್ನೂ ಅಳೆಯುತ್ತೇನೆ, ಭುಜದ ಮುಂದಿನ ಮೂಳೆಯಿಂದ ಬಾಲದ ಪಕ್ಕದ ಮೂಳೆವರೆಗೆ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಬೇಕು. ಹೋರಿಯ ಉದ್ದ 130, ಲೆಕ್ಕಕ್ಕೆ 326 ಬಂತು. ಎತ್ತಿನದು 128, ಬಂದದ್ದು 321. ಹೋರಿಗೆ ಕಮ್ಮಿ, ಎತ್ತಿಗೆ ಜಾಸ್ತಿ ಆಯಿತು ನಿಜ, ಆದರೂ 372ಕ್ಕಿಂತ ಎಷ್ಟೋ ಮೇಲು. ಬೆಳಿಗ್ಗೆ ಮೇವು ನೀರಿಗೆ ಮುಂಚೆ, ನಾಲ್ಕು ಕಾಲೂ ಸಮನಾಗಿ ನಿಂತಾಗ ಅಳೆಯಿರಿ.

ಸೀಮೆ ಹಸು ಸಾಕುವವರು ಕಣ್ಣುಮುಚ್ಚಿ ಕೊಳ್ಳಿ. ನಾಟಿ ದನ ಇರುವವರಿಗೆ ದರ್ಜಿ ಟೇಪೇ ಸಾಕು, ಉದ್ದದ್ದು ಸಿಕ್ಕರೆ. ಐದಕ್ಕೆ ಮೂರು ನಕ್ಷತ್ರ ಕೊಡುತ್ತೇನೆ.