ಮಾವನಿಗೆ ಯಾವ ಚಾಕು, ತಮ್ಮನಿಗೆ ಯಾವುದು?

ಇಂಡಿ ಕಡೆ ನಿಂಬೆ ತೋಟ ಇರುವ ಮಾವನಿಗೆ ಮಡಚುವ ಚಾಕು ಕೊಡುವುದಾದರೆ ಮೊದಲು ಅಲಗಿನ ಉಕ್ಕು ನೋಡಿ. ಫ್ರಾನ್ಸಿನ ಒಪಿನೆಲ್ ಕಂಪನಿಯ ಚಾಕು 1890ರಿಂದ ಬಂದದ್ದು. ಮರದ ಹಿಡಿ, ಒಂದೇ ಅಲಗು. ಎಂಟನೇ ನಂಬರಿನ ಅಳತೆಯದರ ಅಲಗು 8.5 ಸೆಂ.ಮೀ. ಕಾರ್ಬನ್ ಉಕ್ಕಿನದಾದರೆ ಸಾಣೆಕಲ್ಲಿನ ಮೇಲೆ ನಾಲ್ಕು ಸಲ ಎಳೆದರೂ ಹರಿತವಾಗುತ್ತದೆ. ಆದರೆ ನಿಂಬೆ ಹುಳಿ ಹತ್ತಿದ್ದನ್ನು ಹಾಗೇ ಬಿಟ್ಟರೆ ಕಪ್ಪಾಗಿ ತುಕ್ಕು ಹಿಡಿಯುತ್ತದೆ. ಒರೆಸಿ ಕೊಬ್ಬರಿ ಎಣ್ಣೆ ಸವರಬೇಕು (ಕುಸುಬಿ ಎಣ್ಣೆ ಬ್ಯಾಡ, ಒಣಗಿದರೆ ಅಂಟಂಟು). ಮಾವ ಒರೆಸಿಡುವ ಪೈಕಿ ಅಲ್ಲದಿದ್ದರೆ ಅದರಲ್ಲೇ ಸ್ಟೇನ್‌ಲೆಸ್ ಸಿಗುತ್ತದೆ. ಬುಡದ ಉಂಗುರ ತಿರುಗಿಸಿದರೆ ಅಲಗು ಬೆರಳ ಮೇಲೆ ಮಡಚಿಕೊಳ್ಳುವುದಿಲ್ಲ. ನನಗಂತೂ ಈ ಉಂಗುರದ ಸಲುವಾಗಿಯೇ ಒಪಿನೆಲ್ ಮೇಲು.

ಸ್ವಿಸ್ ವಿಕ್ಟೋರಿನಾಕ್ಸ್‌ನ ಕೆಂಪು ಹಿಡಿಯ ಚಾಕು ತಮ್ಮನಿಗೆ ಸರಿ: ಕತ್ತರಿ, ಸ್ಕ್ರೂಡ್ರೈವರ್, ಡಬ್ಬಿ ತೆರೆಯುವ ಕೊಕ್ಕೆ ಎಲ್ಲ ಒಂದರಲ್ಲೇ. ಅದರ ಸಣ್ಣ ಮಾದರಿಗಳಲ್ಲಿ ಅಲಗಿಗೆ ಲಾಕ್ ಇರುವುದಿಲ್ಲ, ಒತ್ತಿ ಕೊರೆಯುವ ಕೆಲಸ ಬೇಡ. ಸಾಂಬ್ರಾದಿಂದ ವಿಮಾನ ಹತ್ತುವಾಗ ಕೈಚೀಲದಲ್ಲಿ ಇಡದಂತೆ ಹೇಳಿಬಿಡಿ.

ಅವ್ವನಿಗೆ ಎರಡೂ ಬ್ಯಾಡ. ಎಲೆಅಡಿಕೆ ಸಂಚಿಯೊಳಗೆ ಕೂರುವ ಒಂದು ಅಡಕೊತ್ತು ಸಾಕು.