‘ಟಿಯರ್ಸ್ ಆಫ್ ದಿ ಸನ್’: ಆ ಕಾಡಿನ ನಡಿಗೆಗಾಗಿ ನೋಡಿ

ತೀರ್ಥಹಳ್ಳಿಯಲ್ಲಿ ಮೂರು ದಿನದಿಂದ ಬಿಡದ ಮಳೆ. ತೋಟಕ್ಕೆ ಔಷಧಿ ಹೊಡೆಯೋ ಹಾಗಿಲ್ಲ. ನಿನ್ನೆ ರಾತ್ರಿ ಅಪ್ಪಯ್ಯನ ಜೊತೆ ಕೂತು 2003ರ ಈ ಸಿನಿಮಾ ಮತ್ತೆ ನೋಡಿದೆ. ನಿರ್ದೇಶನ ಆಂಟ್ವಾನ್ ಫುಕ್ವಾ.

ನೈಜೀರಿಯಾದಲ್ಲಿ ದಂಗೆ. ಅಲ್ಲಿರುವ ವೈದ್ಯೆಯನ್ನು, ಅಂದರೆ ಮೋನಿಕಾ ಬೆಲುಚ್ಚಿಯನ್ನು, ಕರೆತರಲು ಬ್ರೂಸ್ ವಿಲ್ಲಿಸ್‌ನ ಸೀಲ್ ತಂಡ (ಅಮೆರಿಕ ನೌಕಾಪಡೆಯ ಕಮಾಂಡೋಗಳು) ಹೋಗುತ್ತದೆ. ಆಕೆಯನ್ನು ಮಾತ್ರ ಹೆಲಿಕಾಪ್ಟರಿಗೆ ಹತ್ತಿಸಿ, ನಂಬಿ ಬಂದ ಜನರನ್ನು ಕಾಡಲ್ಲೇ ಬಿಡುತ್ತಾರೆ. ವಾಪಸ್ ಹೋಗುವಾಗ ಕೆಳಗೆ ಆಕೆ ಕೆಲಸ ಮಾಡುತ್ತಿದ್ದ ಕ್ರೈಸ್ತ ಮಿಷನ್ ಉರಿದುಹೋಗಿದೆ, ಅಂಗಳದ ತುಂಬ ಹೆಣ. ವಿಲ್ಲಿಸ್ ಸುಮ್ನೆ ನೋಡುತ್ತಾನೆ. ಆಮೇಲೆ ಹೆಲಿಕಾಪ್ಟರ್ ತಿರುಗಿಸಲು ಹೇಳುತ್ತಾನೆ. ಅಪ್ಪಯ್ಯ ಕಾಫಿ ಲೋಟ ಕೆಳಗಿಟ್ಟಿದ್ದು ಅಲ್ಲೇ.

ಆಮೇಲೆ ಆ ಜನರನ್ನು ಕರೆದುಕೊಂಡು ಪಕ್ಕದ ದೇಶ ಕ್ಯಾಮರೂನ್ ಗಡಿಯತ್ತ ಹೋಗುವ ನಡಿಗೆಯೇ ಸಿನಿಮಾದ ಜೀವ. ಚಿತ್ರೀಕರಣ ಆಗಿದ್ದು ಹವಾಯಿಯಲ್ಲಿ. ಆದರೂ ಆ ಒದ್ದೆ ಎಲೆ, ಜಾರೋ ಮಣ್ಣು, ಕಾಲೆಳೆದು ನಡೆಯುವ ಜನ! ಮಳೆಗಾಲದಲ್ಲಿ ಆಗುಂಬೆ ಕಾಡಲ್ಲಿ ಓಡಾಡಿದವರಿಗೆ ಆ ಸುಸ್ತು ಸುಳ್ಳಲ್ಲ ಅಂತ ಗೊತ್ತಾಗುತ್ತದೆ.

ವಿಮರ್ಶಕರಲ್ಲಿ ಜಾಸ್ತಿ ಜನ ಇದನ್ನು ಮೆಚ್ಚಲಿಲ್ಲ. ಆದರೆ ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ 4ಕ್ಕೆ 3 ನಕ್ಷತ್ರ ಕೊಟ್ಟಿದ್ದರು, ನನ್ನ ಲೆಕ್ಕವೂ ಅಷ್ಟೇ. ಕೊನೆಯ ಬಾಂಬ್ ದಾಳಿ ನನಗೂ ಹಿಡಿಸಲಿಲ್ಲ. ಅಷ್ಟು ಹೊತ್ತು ಮನುಷ್ಯರ ಕಥೆ, ಆಮೇಲೆ ಬರೀ ಬೆಂಕಿ. ಓಡುತ್ತಿರುವ ನೈಜೀರಿಯನ್ನರಿಗೆ ಮಾತೇ ಕಡಿಮೆ. ಕಷ್ಟ ಅವರದು, ಕಥೆಯೂ ಅವರದಾಗಬೇಕಿತ್ತು ಅಲ್ವಾ?

ಹಿಂಸೆ ಜಾಸ್ತಿ, ಮಕ್ಕಳ ಜೊತೆ ಬೇಡ. ಹಾನ್ಸ್ ಜಿಮ್ಮರ್ ಸಂಗೀತ ಬಹಳ ಚೆನ್ನಾಗಿದೆ. ಹೆಂಚಿನ ಮನೆಯವರು ಮಳೆ ಸದ್ದು ನಿಂತ ಮೇಲೆ ಹಾಕಿಕೊಳ್ಳಿ.