ಆ ಮೂವತ್ತೇಳು ಗಂಟೆ ನಮ್ಮ ನೆರೆಹೊರೆ ಆ್ಯಪ್ ಮಾಡಿದ್ದೇನು

ನಮ್ಮ ಬಡಾವಣೆಯ ಮುನ್ನೂರಕ್ಕೂ ಹೆಚ್ಚು ಮನೆಯವರು ಬಳಸುವ ನೆರೆಹೊರೆ ಆ್ಯಪ್‌ಗೆ ನಾನು ಐದರಲ್ಲಿ ಎರಡು ನಕ್ಷತ್ರ ಕೊಡುತ್ತೇನೆ. ಆ ಎರಡನ್ನೂ ಅದು ಒಂದು ಸೋಮವಾರದ ಬೆಳಿಗ್ಗೆ ಇಪ್ಪತ್ತು ನಿಮಿಷಗಳಲ್ಲಿ ಸಂಪಾದಿಸಿತು. ಉಳಿದ ಮೂರನ್ನು ಅಲ್ಲಿಂದ ಮುಂದಿನ ಮೂವತ್ತೇಳು ಗಂಟೆಗಳಲ್ಲಿ ಕಳೆದುಕೊಂಡಿತು. ಹೆಸರು ಬರೆಯುವುದಿಲ್ಲ. ಇದೇ ಅಚ್ಚಿನ ಆ್ಯಪ್‌ಗಳು ಬೇಕಾದಷ್ಟಿವೆ. ನಿಮ್ಮ ಮೊಬೈಲ್‌ನಲ್ಲಿರುವುದೂ ಹೀಗೇ ಇದೆಯೇ ಎಂದು ನೀವೇ ತೆರೆದು ನೋಡಿಕೊಳ್ಳಿ.

ನಾನು ಮೂವತ್ತೊಂದು ವರ್ಷ ಬ್ಯಾಂಕಿನ ನಗದು ವಿಭಾಗದಲ್ಲಿ ದುಡಿದವಳು. ಕೊನೆಯ ಒಂಬತ್ತು ವರ್ಷ ಹೆಡ್ ಕ್ಯಾಷಿಯರ್ ಆಗಿದ್ದೆ. ಸ್ಟ್ರಾಂಗ್‌ರೂಮಿನ ಎರಡು ಕೀಲಿಕೈಗಳಲ್ಲಿ ಒಂದು ನನ್ನ ಬಳಿ, ಇನ್ನೊಂದು ಮ್ಯಾನೇಜರರ ಬಳಿ ಇರುತ್ತಿತ್ತು. ಆ ಸೋಮವಾರ ನನ್ನ ನೆರೆಯವರಿಗೆ ಅನುಮಾನ ಹುಟ್ಟಿಸಿದ ಒಂದೊಂದು ಸಂಗತಿಯೂ ನನಗೆ ಬೇರೆಯಾಗಿ ಕಂಡದ್ದು ಆ ಕೀಲಿಕೈಯ ದೆಸೆಯಿಂದ.

ನಡೆದದ್ದು ಇಷ್ಟು. ಪಕ್ಕದ ರಸ್ತೆಯ ಬ್ಯಾಂಕ್ ಶಾಖೆಗೆ, ಗ್ರಾಹಕರಿಗೆ ಬಾಗಿಲು ತೆರೆಯುವ ಮೊದಲೇ, ದರೋಡೆಕೋರರು ನುಗ್ಗಿದರು. ಮ್ಯಾನೇಜರ್ ಮತ್ತು ಹೆಡ್ ಕ್ಯಾಷಿಯರ್ ಇಬ್ಬರನ್ನೂ ಬೆದರಿಸಿ ಸ್ಟ್ರಾಂಗ್‌ರೂಂ ತೆಗೆಸಿದರು. ಹೆಡ್ ಕ್ಯಾಷಿಯರರನ್ನು ಕಟ್ಟಿಹಾಕಿ, ಹಣದೊಂದಿಗೆ ಮ್ಯಾನೇಜರರನ್ನು ಅವರದೇ ಕಾರಿನಲ್ಲಿ ಕರೆದೊಯ್ದರು. ಕಾರು ಓಡಿಸುತ್ತಿದ್ದವರು ಮ್ಯಾನೇಜರರೇ. ಎದುರು ಮಹಡಿಯಿಂದ ಇಬ್ಬರು ಅದನ್ನು ನೋಡಿದ್ದರು.

9 ಗಂಟೆ 52 ನಿಮಿಷಕ್ಕೆ ಆ್ಯಪ್‌ನಲ್ಲಿ ಮೊದಲ ಸಂದೇಶ ಬಂತು: "ಬ್ಯಾಂಕಿನ ಮುಂದೆ ಪೊಲೀಸರು ನಿಂತಿದ್ದಾರೆ, ಆ ಕಡೆ ಹೋಗಬೇಡಿ." ನಾಲ್ಕೇ ನಿಮಿಷಕ್ಕೆ ರಸ್ತೆ ಮುಚ್ಚಿರುವ ಭಾಗ ನಕ್ಷೆಯ ಮೇಲೆ ಕೆಂಪಾಯಿತು. ಶಾಲೆಗೆ ಹೊರಟಿದ್ದ ಮಕ್ಕಳನ್ನು ಇನ್ನೊಂದು ದಾರಿಯಿಂದ ಕರೆದುಕೊಂಡು ಹೋದರು. ಒಂಟಿಯಾಗಿರುವ ವೃದ್ಧರೊಬ್ಬರ ಮನೆಗೆ ಯಾರೋ ಹೋಗಿ ಬಾಗಿಲು ಹಾಕಿಕೊಳ್ಳುವಂತೆ ಹೇಳಿ ಬಂದರು. ಇಷ್ಟು ಬೇಗ ಇಷ್ಟು ಮನೆಗಳಿಗೆ ಸುದ್ದಿ ಮುಟ್ಟಿಸುವ ಬೇರೆ ಸಾಧನ ನಮ್ಮಲ್ಲಿಲ್ಲ. ಆ ಎರಡು ನಕ್ಷತ್ರಗಳನ್ನು ಪೂರ್ಣ ಮನಸ್ಸಿನಿಂದ ಕೊಟ್ಟಿದ್ದೇನೆ.

ಹತ್ತೂಕಾಲರ ಹೊತ್ತಿಗೆ ಇನ್ನೊಂದು ಸಂದೇಶ ಬಂತು. "ಮ್ಯಾನೇಜರ್ ತಾವೇ ಕಾರು ಓಡಿಸಿಕೊಂಡು ಹೋದರಂತೆ. ಅಪಹರಣವಾದವರು ಕಾರು ಓಡಿಸುತ್ತಾರೆಯೇ? ಇದು ಒಳಗಿನವರದೇ ಕೈವಾಡ." ಬರೆದವರ ಹೆಸರಿರಲಿಲ್ಲ. ಹೆಸರು ಮರೆಮಾಡಿ ಬರೆಯಲು ಆ್ಯಪ್ ಅವಕಾಶ ಕೊಡುತ್ತದೆ. ಹಾಗೆ ಬರೆದಾಗ ಹೆಸರಿನ ಜಾಗದಲ್ಲಿ "ಒಬ್ಬ ನೆರೆಯವರು" ಎಂದಷ್ಟೇ ಕಾಣುತ್ತದೆ. ಸಂಜೆಯೊಳಗೆ ಅದರ ಕೆಳಗೆ ಇನ್ನೂರ ಹದಿನಾಲ್ಕು ಉತ್ತರಗಳು ಸೇರಿದವು. ಕಾವಲುಗಾರ ಅಂದೇ ಏಕೆ ರಜೆ ಹಾಕಿದ? ಹಿಂದಿನ ವಾರ ದೀಪ ಸರಿಮಾಡಲು ಬಂದಿದ್ದವನು ಯಾರು? ಕೀಲಿಕೈ ಇದ್ದದ್ದು ಯಾರ ಬಳಿ? ಮ್ಯಾನೇಜರ್ ಒಳಗೆ ಹೋಗುವಾಗ ಹಾಲಿನ ಹುಡುಗನನ್ನು ನೋಡಿ ನಕ್ಕರಂತೆ, ಹೆದರಿದವರು ನಗುತ್ತಾರೆಯೇ? ಅವರಿಗೆ ಸಾಲವಿತ್ತಂತೆ. ಯಾರಿಗೆ ಯಾರು ಹೇಳಿದರೆಂದು ಒಬ್ಬರೂ ಕೇಳಲಿಲ್ಲ.

ಬ್ಯಾಂಕಿನಲ್ಲಿ ಎರಡು ಕೀಲಿಕೈಗಳನ್ನು ಇಬ್ಬರ ಬಳಿ ಇಡುವುದು ಒಬ್ಬರೇ ತಿಜೋರಿ ತೆಗೆಯಬಾರದೆಂಬ ಕಾರಣಕ್ಕೆ. ಆದ್ದರಿಂದಲೇ ಪಳಗಿದ ದರೋಡೆಕೋರರು ಬೀಗವನ್ನು ಬಿಟ್ಟು ಕೀಲಿಕೈ ಇರುವ ಮನುಷ್ಯರನ್ನು ಹಿಡಿಯುತ್ತಾರೆ. ಇಂತಹ ಅಪರಾಧಕ್ಕೆ ಇಂಗ್ಲಿಷಿನಲ್ಲಿ ಟೈಗರ್ ಕಿಡ್ನ್ಯಾಪ್ ಎನ್ನುತ್ತಾರೆ. ಹುಲಿ ಬೇಟೆಗೆ ಮೊದಲು ಹೊಂಚು ಹಾಕುವಂತೆ ಇವರೂ ಸಿಬ್ಬಂದಿ ಯಾವಾಗ ಮನೆ ಬಿಡುತ್ತಾರೆ, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ದಿನಗಟ್ಟಲೆ ನೋಡಿಕೊಂಡಿರುತ್ತಾರೆ. ಅವರ ಕೈಗೆ ಸಿಕ್ಕವರು ಮಾಡಲೇಬೇಕಾದದ್ದು ಒಂದೇ: ಏನೂ ಆಗಿಲ್ಲವೆಂಬಂತೆ ನಡೆದುಕೊಳ್ಳುವುದು. ಹಾಲಿನ ಹುಡುಗನನ್ನು ನೋಡಿ ನಗಬೇಕು. ಕಾರು ಓಡಿಸು ಎಂದರೆ ಓಡಿಸಬೇಕು. ನಮ್ಮ ತರಬೇತಿಯಲ್ಲಿ ಹೇಳಿಕೊಟ್ಟದ್ದೂ ಅದನ್ನೇ. ಹಣವನ್ನು ಕೊಟ್ಟುಬಿಡಿ, ಎದುರಾಡಬೇಡಿ, ಜೀವ ಉಳಿಸಿಕೊಳ್ಳಿ.

2004ರ ಡಿಸೆಂಬರ್‌ನಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ನಾರ್ದರ್ನ್ ಬ್ಯಾಂಕಿನಲ್ಲಿ ನಡೆದದ್ದನ್ನು ನಗದು ವಿಭಾಗದಲ್ಲಿದ್ದ ನಾವೆಲ್ಲ ಮೈ ಜುಮ್ಮೆನ್ನುವಂತೆ ಓದಿದ್ದೆವು. ಇಬ್ಬರು ಅಧಿಕಾರಿಗಳ ಮನೆಯವರನ್ನು ಒತ್ತೆಯಿಟ್ಟುಕೊಂಡು ಅವರಿಬ್ಬರನ್ನೂ ಮರುದಿನ ಎಂದಿನಂತೆ ಕೆಲಸಕ್ಕೆ ಕಳಿಸಿದರು. ಅವರು ದಿನವಿಡೀ ಸಹೋದ್ಯೋಗಿಗಳ ಮಧ್ಯೆ ಏನೂ ತೋರಗೊಡದೆ ಕೆಲಸ ಮಾಡಿದರು. ಅವರಲ್ಲೊಬ್ಬರು ಸಂಜೆ ಸುಮಾರು ಹತ್ತು ಲಕ್ಷ ಪೌಂಡ್‌ಗಳನ್ನು ಚೀಲದಲ್ಲಿ ತುಂಬಿಕೊಂಡು ಬೀದಿಗೆ ನಡೆದು ಬಂದು ಬಸ್ ನಿಲ್ದಾಣದಲ್ಲಿ ಒಪ್ಪಿಸಬೇಕಾಯಿತು. ಅದು ಪರೀಕ್ಷೆಗೆ ಮಾತ್ರ. ಆ ರಾತ್ರಿ ಒಟ್ಟು ಹೋದದ್ದು 2 ಕೋಟಿ 65 ಲಕ್ಷ ಪೌಂಡ್. ಚೀಲ ಹೊತ್ತು ನಡೆಯುತ್ತಿದ್ದ ಅವರನ್ನು ಕಿಟಕಿಯಿಂದ ನೋಡಿದ್ದರೆ ನಾನೂ ಕಳ್ಳನೆಂದೇ ತಿಳಿಯುತ್ತಿದ್ದೆನೇನೋ. ಪೊಲೀಸರೇ ಅವರ ಮೇಲೆ ಅನುಮಾನಪಟ್ಟು ಮೊಕದ್ದಮೆ ಹೂಡಿದರು. 2008ರಲ್ಲಿ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತಿಗೆ ಇದಕ್ಕಿಂತ ಬೇರೆ ಉದಾಹರಣೆ ನನಗೆ ಬೇಡ.

ಒಳಗಿನವರ ಕೈವಾಡ ಎಂಬುದು ಎಂದೂ ಇರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. 2006ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಟನ್‌ಬ್ರಿಡ್ಜ್‌ನ ನಗದು ಉಗ್ರಾಣದಿಂದ ಸುಮಾರು 5 ಕೋಟಿ 30 ಲಕ್ಷ ಪೌಂಡ್ ಲೂಟಿಯಾಯಿತು. ಪೊಲೀಸ್ ವೇಷದಲ್ಲಿ ಬಂದವರು ಮ್ಯಾನೇಜರರನ್ನು ದಾರಿಯಲ್ಲಿ ತಡೆದು ಎತ್ತಿಕೊಂಡು ಹೋದರು, ಅವರ ಹೆಂಡತಿಯನ್ನೂ ಮಗುವನ್ನೂ ಹಿಡಿದಿಟ್ಟುಕೊಂಡರು. ಅಲ್ಲಿ ಒಳಗಿನವನೊಬ್ಬನ ಕೈ ನಿಜವಾಗಿಯೂ ಇತ್ತು. ಆದರೆ ಅವನು ಉಗ್ರಾಣದ ಇನ್ನೊಬ್ಬ ನೌಕರ, ಮ್ಯಾನೇಜರ್ ಅಲ್ಲ. ಊಹೆ ಅರ್ಧ ಸರಿಯಾಗಿ, ಬೆರಳು ತೋರಿದ ಮನುಷ್ಯ ಮಾತ್ರ ಪೂರ್ತಿ ತಪ್ಪಾಗುವುದು ಹೀಗೆ.

ಇದನ್ನೆಲ್ಲ ಅಂದು ಬೆಳಿಗ್ಗೆಯೇ ಸಾಧ್ಯವಾದಷ್ಟು ಚಿಕ್ಕದಾಗಿ ಬರೆದು ಹಾಕಿದೆ. ಆ್ಯಪ್‌ನ ಮೊದಲ ದೊಡ್ಡ ದೋಷ ನನ್ನ ಅನುಭವಕ್ಕೆ ಬಂದದ್ದು ಆಗಲೇ. ಯಾವ ಬರಹಕ್ಕೆ ಹೆಚ್ಚು ಉತ್ತರಗಳು ಬರುತ್ತವೆಯೋ ಅದನ್ನು ಇದು ಮೇಲಕ್ಕೆ ತಳ್ಳುತ್ತದೆ. ಜಗಳ ಹಚ್ಚಿದ ಮಾತಿಗೆ ಉತ್ತರಗಳು ಬರುತ್ತವೆ. "ಕಾದು ನೋಡೋಣ" ಎಂದವರಿಗೆ ಯಾರು ಉತ್ತರ ಕೊಡುತ್ತಾರೆ? ನನ್ನ ಬರಹವನ್ನು ಹನ್ನೊಂದು ಜನ ಓದಿದ್ದರು. ಕೈವಾಡದ ಬರಹವನ್ನು ಬಹುತೇಕ ಇಡೀ ಬಡಾವಣೆ ಓದಿತ್ತು.

ಓದಿದವರ ಲೆಕ್ಕ ನನಗೆ ಗೊತ್ತಾದದ್ದು ಹೇಗೆಂದರೆ, ಪ್ರತಿ ಬರಹದ ಕೆಳಗೂ "ಓದಿದವರು" ಎಂಬ ಪಟ್ಟಿ ಇರುತ್ತದೆ. ಅದನ್ನು ತೆರೆದೆ. ಏಳನೆಯ ಹೆಸರು ಮ್ಯಾನೇಜರರ ಪತ್ನಿಯದು. ಗಂಡ ಎಲ್ಲಿದ್ದಾರೆ, ಬದುಕಿದ್ದಾರೆಯೇ ಎಂದು ತಿಳಿಯದೆ ಕುಳಿತಿದ್ದ ಹೆಣ್ಣುಮಗಳು ಪ್ರತಿಯೊಂದನ್ನೂ ಓದುತ್ತಿದ್ದರು.

ಮಧ್ಯಾಹ್ನ ಎರಡರ ಸುಮಾರಿಗೆ ಇನ್ನೊಂದು ವಿಷಯ ಹೊಳೆದು ಎದೆ ಧಸಕ್ಕೆಂದಿತು. ಮ್ಯಾನೇಜರರೂ ಈ ಗುಂಪಿನ ಸದಸ್ಯರು. ಅವರ ಮೊಬೈಲ್ ಅಪಹರಣಕಾರರ ಕೈಯಲ್ಲಿದೆ. ಸದಸ್ಯರ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ "ಕೊನೆಯದಾಗಿ ಕಂಡದ್ದು 11.10" ಎಂದಿತ್ತು. ಅಂದರೆ ಒಂದು ಗಂಟೆಗೂ ಹೆಚ್ಚು ಕಾಲ ಆ ಮೊಬೈಲ್ ಚಾಲನೆಯಲ್ಲಿದ್ದಾಗ ನಮ್ಮವರು ಪೊಲೀಸ್ ವಾಹನಗಳು ಎಲ್ಲಿ ನಿಂತಿವೆ, ಯಾವ ಕಡೆ ಹೊರಟವು ಎಂದು ಚಿತ್ರ ತೆಗೆದು ಹಾಕುತ್ತಿದ್ದರು. ಒಬ್ಬರಂತೂ ಮಫ್ತಿಯಲ್ಲಿದ್ದ ಅಧಿಕಾರಿಯನ್ನು ಗುರುತಿಸಿ, ಮುಖಕ್ಕೆ ಸುತ್ತು ಹಾಕಿ ತೋರಿಸಿದ್ದರು.

1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲಿ ಕ್ರೀಡಾಪಟುಗಳನ್ನು ಒತ್ತೆಯಿಟ್ಟುಕೊಂಡಿದ್ದವರು, ಪೊಲೀಸರು ಛಾವಣಿ ಏರುತ್ತಿದ್ದುದನ್ನು ಟೆಲಿವಿಷನ್‌ನ ನೇರ ಪ್ರಸಾರದಲ್ಲೇ ನೋಡಿದರು. ಆ ಕಾರ್ಯಾಚರಣೆಯನ್ನು ಕೈಬಿಡಬೇಕಾಯಿತು. ಬ್ರಿಟನ್‌ನಲ್ಲಿ ಅಪಹರಣ ನಡೆದಾಗ ಪೊಲೀಸರ ಕೋರಿಕೆಯಂತೆ ಪತ್ರಿಕೆಗಳು ಸುದ್ದಿಯನ್ನು ತಡೆಹಿಡಿಯುವ ಪದ್ಧತಿಯೇ ಇದೆ. ಪತ್ರಕರ್ತರಿಗೆ ಇಷ್ಟು ಕಟ್ಟುಪಾಡಿರುವಾಗ, ಮುನ್ನೂರು ಮನೆಗಳ ಕೈಗೆ ಕ್ಯಾಮರಾ ಮತ್ತು ನಕ್ಷೆ ಕೊಟ್ಟ ಕಂಪನಿಗೆ ಏನೂ ಇರಬಾರದೇ?

ಗುಂಪಿನ ನಿರ್ವಾಹಕನ ಮನೆಗೆ ನಡೆದೇ ಹೋದೆ. ಇಪ್ಪತ್ತಾರರ ಹುಡುಗ, ಸಂಬಳವಿಲ್ಲದೆ ಈ ಹೊಣೆ ಹೊತ್ತವನು. "ಗುಂಪನ್ನು ಒಂದು ದಿನದ ಮಟ್ಟಿಗೆ ಮುಚ್ಚಪ್ಪ" ಎಂದೆ. ಹುಡುಕಾಡಿ, "ಅಮ್ಮಾ, ಹಾಗೆ ಮಾಡಲು ಇದರಲ್ಲಿ ದಾರಿಯೇ ಇಲ್ಲ, ಒಂದೊಂದನ್ನೇ ಅಳಿಸಬಹುದು ಅಷ್ಟೇ" ಎಂದ. ಇಬ್ಬರೂ ಕುಳಿತೆವು. ನಾನು ಓದಿ ಹೇಳುತ್ತಿದ್ದೆ, ಅವನು ಅಳಿಸುತ್ತಿದ್ದ. ಹತ್ತು ಅಳಿಸುವಷ್ಟರಲ್ಲಿ ಹದಿನೈದು ಹೊಸವು ಬರುತ್ತಿದ್ದವು. ಕಂಪನಿಗೆ ದೂರು ಕೊಡೋಣವೆಂದು ನೋಡಿದರೆ ಕಾರಣಗಳ ಪಟ್ಟಿಯಲ್ಲಿ ಅಶ್ಲೀಲತೆ, ಜಾಹೀರಾತು, ನಿಂದನೆ, ನಕಲಿ ಖಾತೆ ಎಂದಿದ್ದವು. ಒಬ್ಬರ ಜೀವಕ್ಕೆ ಅಪಾಯವಿದೆ ಎಂದು ಹೇಳುವ ಆಯ್ಕೆ ಇರಲಿಲ್ಲ. "ನಿಂದನೆ" ಒತ್ತಿ ಕಳಿಸಿದೆವು. ಉತ್ತರ ಬಂದದ್ದು ಗುರುವಾರ, ನಮ್ಮ ದೂರನ್ನು ಪರಿಶೀಲಿಸಲಾಗುತ್ತಿದೆ ಎಂಬ ಒಂದು ಸಾಲು.

ಸಂಜೆ ಆ ಹೆಣ್ಣುಮಗಳ ಮನೆಗೆ ಹೋದೆ. ಮೊಬೈಲನ್ನು ಬೋರಲಾಗಿ ಇಟ್ಟು ಅದರ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದರು; ಪೊಲೀಸರ ಕರೆ ಬರಬಹುದೆಂದು ಆರಿಸುವಂತಿಲ್ಲ. "ನೀವೂ ಬ್ಯಾಂಕಿನವರಲ್ಲವೇ ಅಮ್ಮಾ, ಹೇಳಿ. ಇವರು ಕೀಲಿಕೈ ಕೊಡದೆ ಬೇರೆ ಏನು ಮಾಡಬಹುದಿತ್ತು?" ಎಂದರು. "ಏನೂ ಇಲ್ಲ. ನಾನಿದ್ದರೂ ಕೊಡುತ್ತಿದ್ದೆ" ಎಂದೆ. ಅದನ್ನೇ ಮೂರು ಸಲ ಹೇಳಿಸಿಕೊಂಡರು.

ಮಂಗಳವಾರ ರಾತ್ರಿ ಹನ್ನೊಂದರ ಹೊತ್ತಿಗೆ ಮ್ಯಾನೇಜರ್ ಹೆದ್ದಾರಿಯ ಬದಿಯಲ್ಲಿ ಸಿಕ್ಕಿದರು. ಕೈಗಳ ಮೇಲೆ ಹಗ್ಗದ ಗುರುತುಗಳಿದ್ದವು. ಅವರ ಮೊಬೈಲನ್ನು ಮೊದಲ ದಿನವೇ ಚರಂಡಿಗೆ ಎಸೆದಿದ್ದರಂತೆ, ನಮ್ಮ ಪುಣ್ಯ. ಕೆಲವು ವಾರಗಳ ಮೇಲೆ ಬಂಧನಗಳಾದವು. ಬಂಧಿತರಲ್ಲಿ ಒಬ್ಬರೂ ಆ ಶಾಖೆಯವರಲ್ಲ. ದೋಷಾರೋಪ ಪಟ್ಟಿಯಲ್ಲಿ ಮ್ಯಾನೇಜರರ ಹೆಸರು ಇರುವುದು ಸಾಕ್ಷಿಗಳ ಸಾಲಿನಲ್ಲಿ. ಕಾವಲುಗಾರ ರಜೆ ಹಾಕಿದ್ದು ತಂಗಿಯ ಹೆರಿಗೆಗೆ.

ಈ ಸುದ್ದಿಯನ್ನೂ ಆ್ಯಪ್‌ನಲ್ಲಿ ಹಾಕಿದೆವು. ಓದಿದವರು ನಲವತ್ತಾರು. ತಪ್ಪು ಬರಹವನ್ನು ಓದಿದವರೆಲ್ಲರಿಗೂ ಅದರ ತಿದ್ದುಪಡಿಯನ್ನು ತಾನಾಗಿಯೇ ತಲುಪಿಸುವುದು ಇದಕ್ಕೆ ಕಷ್ಟವೇ? ಯಾರು ಯಾವುದನ್ನು ಓದಿದರೆಂಬ ಪಟ್ಟಿ ಅದರ ಬಳಿಯೇ ಇದೆ. ಅಂದು ಬರಹಗಳ ಸುರಿಮಳೆಗರೆದ ಒಬ್ಬರಿಗೆ ವಾರದ ಕೊನೆಯಲ್ಲಿ "ಚುರುಕಿನ ನೆರೆಯವರು" ಎಂಬ ಪದಕವನ್ನು ಕೊಟ್ಟದ್ದೂ ಇದೇ ಆ್ಯಪ್. ಬರಹಗಳನ್ನು ಎಣಿಸಿ ಪದಕ ಕೊಡುವ ಏರ್ಪಾಟನ್ನು ಮೊದಲು ಕಿತ್ತುಹಾಕಬೇಕು.

ಬೇರೆಯವರು ಇಂತಹ ತಪ್ಪಿನಿಂದ ಕಲಿತಿದ್ದಾರೆ. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಸ್ಫೋಟದ ನಂತರ ರೆಡಿಟ್ ಎಂಬ ಅಂತರ್ಜಾಲ ಚರ್ಚಾತಾಣದ ಬಳಕೆದಾರರು ಕಾಣೆಯಾಗಿದ್ದ ಒಬ್ಬ ವಿದ್ಯಾರ್ಥಿಯೇ ಅಪರಾಧಿ ಎಂದು ಹಬ್ಬಿಸಿದರು. ಆತನಿಗೂ ಸ್ಫೋಟಕ್ಕೂ ಸಂಬಂಧವೇ ಇರಲಿಲ್ಲ. ಕೆಲವು ದಿನಗಳ ನಂತರ ಆತನ ಶವ ಸಿಕ್ಕಿತು. ಆ ಸಂಸ್ಥೆ ಬಹಿರಂಗವಾಗಿ ಕ್ಷಮೆ ಕೇಳಿತು. ಮಕ್ಕಳ ಕಳ್ಳರ ವದಂತಿಯಿಂದ ಭಾರತದಲ್ಲಿ ನಿರಪರಾಧಿಗಳ ಕೊಲೆಗಳಾದ ಮೇಲೆ, 2018ರಲ್ಲಿ ವಾಟ್ಸ್‌ಆ್ಯಪ್ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಇಲ್ಲಿ ಮಿತಿ ಹಾಕಿತು. 2019ರ ಜನವರಿಯಲ್ಲಿ ಅದನ್ನು ಎಲ್ಲ ದೇಶಗಳಿಗೂ ಅನ್ವಯಿಸಿತು. 2020ರ ಏಪ್ರಿಲ್‌ನಿಂದ, ಬಹಳ ಕೈಗಳನ್ನು ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದು. ನಮ್ಮ ಆ್ಯಪ್‌ನಲ್ಲಿ ಯಾವ ಮಿತಿಯೂ ಇಲ್ಲ. ಒಂದು ಗುಂಡಿ ಒತ್ತಿದರೆ ಅಕ್ಕಪಕ್ಕದ ಆರು ಬಡಾವಣೆಗಳಿಗೆ ಹೋಗುತ್ತದೆ.

ಕಂಪನಿಗೆ ಎರಡು ಪತ್ರ ಬರೆದಿದ್ದೇನೆ. ಬರೆಯುವ ಮುನ್ನ "ಕಣ್ಣಾರೆ ಕಂಡದ್ದೇ, ಕೇಳಿದ್ದೇ, ಊಹೆಯೇ" ಎಂದು ಕೇಳಿ, ಆ ಗುರುತು ಬರಹದ ಮೇಲೇ ಕಾಣುವಂತೆ ಮಾಡಿ ಎಂದು ಕೇಳಿದ್ದೇನೆ. ನಿರ್ವಾಹಕನಿಗೆ ಚರ್ಚೆಯನ್ನು ತಡೆಹಿಡಿಯುವ ಅಧಿಕಾರ ಕೊಡಿ, ಅಪರಾಧ ನಡೆಯುತ್ತಿರುವ ಜಾಗದ ಚಿತ್ರಗಳನ್ನು ಕೆಲವು ಗಂಟೆ ತಡವಾಗಿ ತೋರಿಸಿ, ಯಾರ ಮೇಲಾದರೂ ಆರೋಪ ಹೊರಿಸುವವರು ಹೆಸರು ಮರೆಮಾಡದಂತೆ ಮಾಡಿ. ಇವುಗಳಲ್ಲಿ ಒಂದನ್ನು ಮಾಡಿದರೂ ಈ ವಿಮರ್ಶೆಗೆ ಒಂದು ನಕ್ಷತ್ರ ಸೇರಿಸುತ್ತೇನೆ.

ಆ್ಯಪನ್ನು ನಾನು ತೆಗೆದುಹಾಕಿಲ್ಲ. ರಸ್ತೆ ಮುಚ್ಚಿದಾಗ, ರಾತ್ರಿ ಯಾರಿಗಾದರೂ ಆಂಬುಲೆನ್ಸ್ ಬೇಕಾದಾಗ ಅದು ಬೇಕಾಗುತ್ತದೆ. ಮ್ಯಾನೇಜರರ ಮನೆಯವರು ಗುಂಪನ್ನು ಬಿಟ್ಟಿದ್ದಾರೆ. ಕಳೆದ ವಾರ ನನಗೊಂದು ಸೂಚನೆ ಬಂತು: "ನಿಮ್ಮ ಹತ್ತಿರದ ಒಂದು ಮನೆ ಗುಂಪಿನಲ್ಲಿಲ್ಲ. ಆಹ್ವಾನ ಕಳಿಸುವಿರಾ?" ಕೆಳಗಿದ್ದದ್ದು ಅವರ ಮನೆಯ ಸಂಖ್ಯೆ. ಹುಡುಕುವ ಜಾಗದಲ್ಲಿ ಬ್ಯಾಂಕ್ ಎಂದು ಬರೆದು ನೋಡಿದೆ. ಅಂದು ನಮ್ಮ ಕಣ್ತಪ್ಪಿಸಿ ಉಳಿದ ಕೈವಾಡದ ಬರಹಗಳಲ್ಲಿ ಮೂರು ಈಗಲೂ ಮೊದಲಿಗೆ ಬಂದವು. ಅವುಗಳನ್ನು ಗುರುತು ಹಾಕಿಕೊಂಡು ನಿರ್ವಾಹಕನಿಗೆ ಕಳಿಸಿದೆ. ಆಹ್ವಾನವನ್ನು ಕಳಿಸಲಿಲ್ಲ.